ಕಲಕುವ ಕಡ್ಡಿ ಮರೆತ ದಿನ

ಪ್ರಯೋಗಾಲಯದೊಳಗೆ ಕಾಲಿಡುವ ಮೊದಲು ಅವಳು ಕೂದಲಿನ ಪಿನ್ನುಗಳನ್ನೆಲ್ಲ ಬಿಚ್ಚಿ ಬಾಗಿಲ ಬಳಿಯ ತಗಡಿನ ಡಬ್ಬಿಗೆ ಹಾಕುತ್ತಾಳೆ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಲ್ಲ. ಒಳಗೆ ಮೇಜಿನ ತುಂಬ ಅಯಸ್ಕಾಂತಗಳು. ಎಲ್ಲರ ಬಾಯಲ್ಲೂ ಅವಳು ಚಿಕ್ಕಮ್ಮ.

ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ದ್ರವದಲ್ಲಿ ಬೆರೆಸಿ, ಬುಡ್ಡಿಯೊಳಗಿನ ಗಾಳಿ ತೆಗೆದು, ನೀಲಿ ದೀಪದ ಪೆಟ್ಟಿಗೆಯಲ್ಲಿಡುವುದು ಅವಳ ಕೆಲಸ. ಬೆಳಕು ಬಿದ್ದಂತೆ ಒಂದೊಂದು ಕಣದ ಸುತ್ತಲೂ ಪಾಲಿಮರ್ ಪೊರೆ ಬೆಳೆಯುತ್ತದೆ. ಪೊರೆಯಿಲ್ಲದ ಕಣಗಳು ಒಂದಕ್ಕೊಂದು ಅಂಟಿ ತಳ ಸೇರುತ್ತವೆ.

ಆ ದಿನ ನಾಲ್ಕು ಗಂಟೆಗೆ ಈ ಕೆಲಸ ನೋಡಲು ಹೊರಗಿನ ಪರೀಕ್ಷಕರು ಬರುವವರಿದ್ದರು. ಉಳಿದಿದ್ದು ಒಂದು ಬುಡ್ಡಿಗಾಗುವಷ್ಟೇ ಕಣ. “ಇದು ಸರಿಯಾಗಿ ಬಂದ್ರೆ ನಿಮ್ಮನ್ನ ಇನ್ನೊಂದು ವರ್ಷ ಇಟ್ಕೊಳ್ಳಬಹುದು. ಇಲ್ಲಾಂದ್ರೆ ನನ್ನ ಕೈಲಿಲ್ಲ” ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಬೆಳಿಗ್ಗೆಯೇ ಹೇಳಿದ್ದರು. ಆ ಮಾತು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ದೀಪ ಹೊತ್ತಿ ಹತ್ತು ನಿಮಿಷವಾಗಿತ್ತು. ಮೇಜಿನ ಮೇಲೆ ಗಾಜಿನ ಕಡ್ಡಿ ಒದ್ದೆಯಾಗದೆ ಹಾಗೇ ಬಿದ್ದಿತ್ತು. ಅವಳು ದೀಪದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಈ ಕಣಗಳನ್ನು ಬುಡ್ಡಿ ಮುಚ್ಚುವ ಮೊದಲು ಆ ಕಡ್ಡಿಯಿಂದಲೇ ಕಲಕಬೇಕು. ಬೇರೆ ಬುಡ್ಡಿಗಳಿಗೆ ಹಾಕುವ, ಗಿರಗಿರ ತಿರುಗುವ ಅಯಸ್ಕಾಂತದ ತುಂಡನ್ನು ಕೈ ತನ್ನಷ್ಟಕ್ಕೆ ಇದಕ್ಕೂ ಹಾಕಿಬಿಟ್ಟಿತ್ತು! ಈಗ ಬುಡ್ಡಿಯ ಬಾಯಿ ತೆರೆದರೆ ಗಾಳಿ ನುಗ್ಗಿ ಪೊರೆ ಬೆಳೆಯುವುದು ನಿಲ್ಲುತ್ತದೆ. ತೆರೆಯದಿದ್ದರೆ ಒಂದೊಂದು ಗಳಿಗೆಗೂ ಇನ್ನಷ್ಟು ಕಣ ತುಂಡಿಗೆ ಕಚ್ಚಿಕೊಳ್ಳುತ್ತದೆ.

ದೇವರ ಮೇಲೆ ಭಾರ ಹಾಕಿ ದೀಪ ಆರಿಸಿದಳು. ಬುಡ್ಡಿ ತೆರೆದು ಚಿಮಟದಲ್ಲಿ ತುಂಡನ್ನು ಎತ್ತಿದಳು.

ಮೂಲೆಯಲ್ಲಿ ವೈರು ಸರಿಮಾಡುತ್ತಿದ್ದ ಕರೆಂಟಿನವನು ಇಣುಕಿದ. “ಇದೇನು ಚಿಕ್ಕಮ್ಮ, ಅಯಸ್ಕಾಂತಕ್ಕೆ ಗಡ್ಡ ಬಂದಿದೆ?”

ಅವಳು ನಗಲಿಲ್ಲ. ಬುಡ್ಡಿಯಲ್ಲಿ ಉಳಿದದ್ದು ಬರೀ ತಿಳಿ ದ್ರವ. ಆದದ್ದನ್ನು ಹೇಳಿದಳು. ಅವನ ಮುಖ ಬಾಡಿತು.

“ಮೇಡಂಗೆ ಗೊತ್ತಾ?”

“ಈಗ ಹೋಗಿ ಹೇಳ್ಬೇಕು.”

“ತಡೀರಿ.” ಅವನು ದನಿ ತಗ್ಗಿಸಿದ. “ಮಧ್ಯದಲ್ಲಿ ಕರೆಂಟ್ ಹೋಯ್ತು, ಅದಕ್ಕೇ ಕೆಟ್ಟೋಯ್ತು ಅಂತ ನಾನು ಬರೆದು ಕೊಡ್ತೀನಿ. ನನ್ನ ಕೆಲಸ ಕಾಯಂ. ಬೈದ್ರೆ ಬೈಸ್ಕೊತೀನಿ. ದಪ್ಪ ಚರ್ಮ ನಂದು.”

ಗಡಿಯಾರದಲ್ಲಿ ಮೂರೂಕಾಲು. ಕಾರಿಡಾರಿನ ಕೊನೆಯಲ್ಲಿ ಮೇಡಂ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಒಂದು ಕ್ಷಣ ಅವನ ಜೇಬಿನ ಪೆನ್ನನ್ನೇ ನೋಡಿದಳು.

“ಬೇಡಪ್ಪ” ಎಂದಳು. “ಕೂದಲಿನ ಪಿನ್ನನ್ನೂ ಒಳಗೆ ಬಿಡದವಳು ನಾನೇ ಅಯಸ್ಕಾಂತ ಹಾಕಿದೀನಿ. ನಿನ್ನ ಚೀಟಿ ನಂಬ್ಕೊಂಡು ಅವರು ಕರೆಂಟ್ ಲೈನಲ್ಲಿ ತಪ್ಪು ಹುಡುಕ್ತಾ ಕೂತ್ಕೊಬೇಕಾ?”

ಕಪ್ಪು ಗಡ್ಡದ ತುಂಡನ್ನು ಗಾಜಿನ ತಟ್ಟೆಯಲ್ಲಿಟ್ಟುಕೊಂಡು ಮೇಡಂ ಕೋಣೆಯ ಕಡೆ ನಡೆದಳು.