ರ್‍ಯಾಕಿನಲ್ಲಿ ಮಲಗಿದ್ದ ಮೋಟರು

ಮಕ್ಕಳೇ, ನಾನು ಪ್ಯಾಕಿಂಗ್ ಮಾಡುತ್ತಿದ್ದ ಡೊಂಬಿವಲಿಯ ಐಸ್‌ಕ್ರೀಮ್ ಕಾರ್ಖಾನೆಯಲ್ಲಿ ಉಡುಪಿ ಕಡೆಯ ಸ್ಟೋರ್‌ಕೀಪರ್ ಒಬ್ಬರಿದ್ದರು. ಆಪತ್ತಿಗೆಂದು ರ್‍ಯಾಕಿನಲ್ಲಿಟ್ಟಿದ್ದ ಮೋಟರಿನ ಶಾಫ್ಟನ್ನು ಪ್ರತಿ ಶನಿವಾರ ಕೈಯಿಂದ ಸ್ವಲ್ಪ ತಿರುಗಿಸಿ, "ಮಗ್ಗುಲು ಬದಲಿಸು ಮಗಾ, ಒಂದೇ ಕಡೆ ಮಲಗಿದರೆ ಬೇರಿಂಗ್ ಹಾಳಾಗ್ತದೆ" ಎನ್ನುತ್ತಿದ್ದರು.

"ಜೋಗುಳವನ್ನೂ ಹಾಡಿಬಿಡಿ ಅಣ್ಣಾ!" ಎಂದು ಜೊತೆಯ ಹೆಂಗಸರು ಛೇಡಿಸಿದರೆ ನಾನೂ ನಗುತ್ತಿದ್ದೆ.

ಒಂದು ಮೇ ತಿಂಗಳಲ್ಲಿ ಕೋಲ್ಡ್ ರೂಮಿನ ಮೋಟರು ಸುಟ್ಟುಹೋಯಿತು. ಮದುವೆಗಳಿಗೆ ಹೋಗಬೇಕಿದ್ದ ಐಸ್‌ಕ್ರೀಮೆಲ್ಲ ಒಳಗೆ ಮೆತ್ತಗಾಗತೊಡಗಿತು. ವರ್ಷಗಟ್ಟಲೆ ಮಲಗಿದ್ದ ಆ ಮೋಟರನ್ನೇ ತಂದು ಕೂರಿಸಿದರು. ನಾವೆಲ್ಲ ಪ್ಯಾಕಿಂಗ್ ಬಿಟ್ಟು ಸುತ್ತ ನೆರೆದೆವು. ಸ್ವಿಚ್ ಒತ್ತಿದ್ದೇ ತಡ, ಗುಂಯ್ ಎಂದು ತಿರುಗಿತು! ಯಾರೆದುರೂ ಬಾಯಿ ಬಿಡದ ನಾನು ಕೂಗಿಯೇಬಿಟ್ಟೆ, "ಅಣ್ಣಾ, ನಿಮ್ಮ ಮಗ ಎದ್ದ!"

ಅವರು ಆಗಲೇ ಮ್ಯಾನೇಜರನ್ನು ಹಿಡಿದುಕೊಂಡಿದ್ದರು: "ಸಾರ್, ರ್‍ಯಾಕಿನ ಹಾಸಿಗೆ ಖಾಲಿಯಾಯ್ತು. ಇನ್ನೊಬ್ಬನನ್ನು ಇವತ್ತೇ ತರಿಸಿ!"