ಕಾಕಾ ಕುದುರಿಸಿದ ಬಾಡಿಗೆ

ಪರದೇಶದಿಂದ ನಮ್ಮ ವಾಡಿ ಊರಿಗೆ ವಾಪಸು ಬಂದ ಮೇಲೆ ಅಕ್ಕಪಕ್ಕದ ಹೆಂಗಸರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಲ್ಲಿ ಭಾಳ ತುಟ್ಟಿ ಅಂತಲ್ರಿ?" ಹೌದು, ತುಟ್ಟಿ ಎನ್ನುತ್ತೇನೆ. ಈ ವಾರ ಕೊಂಡ ಉಳ್ಳಾಗಡ್ಡಿಯ ರೇಟು ಮುಂದಿನ ವಾರ ಇರುತ್ತಿರಲಿಲ್ಲ, ಎಣ್ಣೆ ಡಬ್ಬಿ ಮುಟ್ಟುವ ಮೊದಲೇ ಅಂಗಡಿಯವನು ದುಡ್ಡು ಕೇಳುತ್ತಿದ್ದ ಎಂದೆಲ್ಲ ಹೇಳುತ್ತೇನೆ. ಅವರು ಹಣೆ ಬಡಿದುಕೊಂಡು, ನಮ್ಮ ದೇಶವೇ ಚೆಂದ ಅಂದುಕೊಂಡು ಖುಷಿಯಿಂದ ಎದ್ದು ಹೋಗುತ್ತಾರೆ. ಇಥಿಯೋಪಿಯಾದಲ್ಲಿ ನನ್ನನ್ನು ಮನೆ ಬಿಡಿಸಿದ್ದು ತುಟ್ಟಿಕಾಲ ಅಲ್ಲ, ನಮ್ಮ ಕಡೆಯ ಮನುಷ್ಯನೇ ಎಂದು ಹೇಳಲು ಹೋದರೆ ಮಾತ್ರ ಯಾರಿಗೂ ಕಿವಿ ಇರುವುದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಮ್ಮ ಕಡೆ ಯಾವ ವ್ಯವಹಾರವೂ ಇಬ್ಬರ ನಡುವೆ ಮುಗಿಯುವುದಿಲ್ಲ. ಎಮ್ಮೆ ಕೊಳ್ಳಲಿ, ಹೆಣ್ಣು ಕೊಡಲಿ, ಒಂದು ಲಾರಿ ಫರ್ಸಿ ಕಲ್ಲು ಮಾರಲಿ, ನಡುವೆ ಕೂಡಲು ಮೂರನೆಯವನೊಬ್ಬ ಬೇಕು. ಶಹಾಬಾದದಲ್ಲಿ ನನ್ನ ಅಪ್ಪನ ಸಣ್ಣ ಪಾಲಿಶ್ ಯಾರ್ಡಿನಲ್ಲಿ ನಾನು ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ಕಲ್ಲು ಕೊಳ್ಳಲು ಬಂದವರು ಮಂಚದ ಈ ಕಡೆ, ಅಪ್ಪ ಆ ಕಡೆ, ನಡುವೆ ಒಬ್ಬ ಹಿರಿಯ. ಎರಡೂ ಕಡೆಯವರು ತಮ್ಮ ಮಾತನ್ನು ಅವನಿಗೆ ಹೇಳಬೇಕು, ಅವನು ಆ ಕಡೆ ದಾಟಿಸಬೇಕು. ಅವನು ಕುಳಿತ ಮೇಲೆ ಅವನನ್ನು ದಾಟಿ ನೇರ ಮಾತಾಡಿದರೆ ನಿನ್ನ ಮೇಲೆ ನಂಬಿಕೆ ಇಲ್ಲ ಎಂದು ನಾಲ್ಕು ಜನರ ಎದುರು ಸಾರಿದಂತೆ. ಹಾಗೆ ಮಾಡಿದ ಒಬ್ಬ ಸೋದರಮಾವನ ಮನೆಗೆ ಎಷ್ಟೋ ವರ್ಷ ಯಾರೂ ಮಧ್ಯಸ್ತಿಕೆಗೆ ಹೋಗಲಿಲ್ಲ, ಅವರ ಮಗಳ ಮದುವೆಯೂ ತಡವಾಯಿತು. ಇದು ನಮಗೆ ತಾಯಿಯ ಹಾಲಿನ ಜೊತೆ ಬಂದ ಬುದ್ಧಿ.

ನನ್ನ ಗಂಡ ಸೇಡಂ ಕಡೆಯವರು, ಸಿಮೆಂಟ್ ಫ್ಯಾಕ್ಟರಿಯಲ್ಲಿ ಭಟ್ಟಿ ನೋಡಿಕೊಳ್ಳುವ ಕೆಲಸ. ಸುಣ್ಣದ ಕಲ್ಲು ಎಲ್ಲಿದೆಯೋ ಅಲ್ಲಿ ನಮ್ಮ ಕಡೆಯವರಿಗೆ ಕೆಲಸ ಇದೆ. ಹಾಗೆ ಅವರಿಗೆ ಅಡಿಸ್ ಅಬಾಬಾದಿಂದ ಎರಡು ಮೂರು ತಾಸು ದೂರದ ಒಂದು ಫ್ಯಾಕ್ಟರಿಯಲ್ಲಿ ನೌಕರಿ ಸಿಕ್ಕಿತು. ಅವರು ವಾರವಿಡೀ ಅಲ್ಲೇ ಇದ್ದು ಭಾನುವಾರಕ್ಕೆ ಬರುತ್ತಿದ್ದರು. ನಾನು ಪಟ್ಟಣದಲ್ಲಿ, ಬಾಡಿಗೆ ಮನೆಯಲ್ಲಿ, ಒಬ್ಬಳೇ.

ಆ ಮನೆ ಹುಡುಕಿಕೊಟ್ಟವರು ಕಾಕಾ. ರಕ್ತಸಂಬಂಧವಲ್ಲ. ಚಿತ್ತಾಪುರದವರು, ನಮ್ಮ ಅಪ್ಪನ ಹಳೆಯ ದೋಸ್ತ. ಬಹಳ ವರ್ಷದ ಹಿಂದೆ ಮಾಸ್ತರಿಕೆಗೆ ಎಂದು ಆ ದೇಶಕ್ಕೆ ಹೋದವರು ಅಲ್ಲೇ ಕಲ್ಲು ಕೊಯ್ದು ಪಾಲಿಶ್ ಮಾಡುವ ಯಾರ್ಡ್ ಹಾಕಿಕೊಂಡು ಗಟ್ಟಿಯಾಗಿ ನಿಂತಿದ್ದರು. ನಾವು ಇಳಿದ ದಿನ ಏರ್‌ಪೋರ್ಟಿಗೆ ಬಂದು, "ಫಿಕರ್ ಮಾಡಬ್ಯಾಡವ್ವಾ, ಇಲ್ಲಿ ನಾ ಅದೀನಿ, ನಿಮ್ಮಪ್ಪ ಅದಾನ ಅಂತ ತಿಳ್ಕೋ" ಅಂದರು. ಎಲ್ಲಿಂದಲೋ ಜೋಳದ ಹಿಟ್ಟು ತಂದುಕೊಟ್ಟರು. ಪರದೇಶದಲ್ಲಿ ನಮ್ಮ ಮಾತು ಆಡುವ ಒಂದು ಬಾಯಿ ಸಿಕ್ಕಿತಲ್ಲ ಎಂದು ನಾನು ಅವರ ಕಾಲಿಗೆ ಬಿದ್ದೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮನೆಯೊಡತಿ ಗಂಡ ಸತ್ತವಳು, ನನ್ನ ಅವ್ವನಿಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಕೆಳಗೆ ಅವಳು, ಮೇಲೆ ನಾವು. ಮಧ್ಯಾಹ್ನ ಆಗುತ್ತಿದ್ದಂತೆ ಮೆಟ್ಟಿಲ ಬುಡದಿಂದ ನನ್ನನ್ನು ಕೂಗುವಳು. ಹಸಿ ಕಾಫಿ ಬೀಜವನ್ನು ಕಣ್ಣೆದುರೇ ಹುರಿದು, ಆ ಹೊಗೆಯನ್ನು ಮೂಗಿನ ಹತ್ತಿರ ಹಿಡಿದು, ಕುಟ್ಟಿ, ಕುದಿಸಿ, ಮೂರು ಸಲ ಬಗ್ಗಿಸಿ ಕೊಡುವುದು ಅಲ್ಲಿಯ ಪದ್ಧತಿ. ಮೂರನೆಯ ಬಟ್ಟಲು ಕುಡಿಯದೆ ಎದ್ದರೆ ಆ ಮನೆಯ ಒಳ್ಳೆಯದನ್ನು ಬೇಡ ಅಂದಂತೆ. ಆ ಮೂರು ಬಟ್ಟಲಿನ ಹೊತ್ತಿನಲ್ಲೇ ನಾನು ಅವಳ ಭಾಷೆ ಕಲಿತದ್ದು. ಉಪ್ಪು, ನೀರು, ಮಗಳು, ನಾಳೆ, ತಲೆನೋವು. ಅವಳು ನನ್ನಿಂದ ಕಲಿತದ್ದು "ಊಟ ಆತೇನ್" ಅನ್ನುವುದೊಂದೇ, ಆದರೆ ಅದನ್ನು ನಮ್ಮ ಶಹಾಬಾದದ ಮುದುಕಿಯರ ಹಾಗೇ ಅನ್ನುತ್ತಿದ್ದಳು.

ಅಲ್ಲಿ ರೊಕ್ಕದ ಬೆಲೆ ದಿನಾ ಇಳಿಯುತ್ತಿತ್ತು. ಹಾಗಾಗಿ ಬಾಡಿಗೆಯನ್ನು ವರ್ಷಕ್ಕೆ ಎಂದು ಯಾರೂ ಗೊತ್ತು ಮಾಡುತ್ತಿರಲಿಲ್ಲ, ಮೂರು ತಿಂಗಳಿಗೊಮ್ಮೆ ಕುಳಿತು ಮಾತಾಡಬೇಕು. ಮೊದಲ ಸಲ ಕಾಕಾ ನಡುವೆ ಕುಳಿತರು. ಅವಳು ಅವರಿಗೆ ಹೇಳಿದಳು, ಅವರು ನಮಗೆ ಹೇಳಿದರು, ನನ್ನ ಗಂಡ ಅವರಿಗೆ ಹೇಳಿದರು. ಸ್ವಲ್ಪ ಏರಿತು. ಅನ್ಯಾಯವೇನಲ್ಲ, ಅವಳೂ ಅದೇ ಅಂಗಡಿಯಲ್ಲಿ ಅದೇ ಎಣ್ಣೆ ಕೊಳ್ಳಬೇಕಲ್ಲ. ನಡುವೆ ಒಮ್ಮೆ ಅವಳು ಹೇಳಿದ್ದು ನನಗೆ ಅರ್ಥವಾಗಿ ನಾನು ಬಾಯಿ ತೆರೆಯಲು ಹೋದೆ. ನನ್ನ ಗಂಡ ಕಣ್ಣು ದೊಡ್ಡದು ಮಾಡಿದರು.

ಆ ಮೇಲೆ ನಾನು ಬಸುರಿಯಾದೆ. ಅದಕ್ಕೂ ಮುಂಚೆ ಒಂದು ಹೋಗಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ವಿಮಾನ ಹತ್ತುವ ಹಾಗಿಲ್ಲ, ಹೆರಿಗೆ ಇಲ್ಲೇ, ಆಸ್ಪತ್ರೆಯ ಹತ್ತಿರವೇ ಇರಬೇಕು, ನೋವು ಶುರುವಾದರೆ ತಡ ಮಾಡದೆ ಬರಬೇಕು ಎಂದರು. ಚೊಚ್ಚಲ ಹೆರಿಗೆ ತವರಲ್ಲಿ ಆಗದು ಎಂದು ಚಿಂಚೋಳಿಯ ಅಜ್ಜಿ ಫೋನಿನಲ್ಲಿ ಅತ್ತಳು. ನನಗೆ ಮಾತ್ರ ಒಂದು ಧೈರ್ಯವಿತ್ತು. ಆ ಆಸ್ಪತ್ರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ಕೆಳಗೆ ಮೂರು ಹೆತ್ತ ಹೆಂಗಸು. ಈ ಮನೆಯೊಂದು ಇದ್ದರೆ ಈ ಕೂಸು ಉಳಿಯುತ್ತದೆ ಎಂದು ಹಗಲೂ ಇರುಳೂ ಅಂದುಕೊಳ್ಳುತ್ತಿದ್ದೆ.

ಮತ್ತೆ ಬಾಡಿಗೆ ಮಾತಾಡುವ ಕಾಲ ಬಂತು. ಈ ಸಲ ಕಾಕಾ, "ನೀವು ಕೆಳಗ ಬರಬ್ಯಾಡ್ರಿ. ಬಸುರಿ ಹೆಣಮಗಳು, ಎಲ್ಲೂ ಹೋಗಂಗಿಲ್ಲ ಅಂತ ಅಕಿಗಿ ಖಾತ್ರಿ ಆದ್ರ ರೇಟ್ ಏರಸ್ತಾಳ. ನಾ ಒಬ್ಬನೇ ಕುದುರಿಸ್ತೀನಿ" ಎಂದು ಒಬ್ಬರೇ ಹೋದರು. ಬಹಳ ಹೊತ್ತು ಬಿಟ್ಟು ಮುಖ ಸಣ್ಣದು ಮಾಡಿಕೊಂಡು ಮೇಲೆ ಬಂದರು. ಎರಡು ಪಟ್ಟು ಕೇಳುತ್ತಿದ್ದಾಳಂತೆ. ಅದೂ ಡಾಲರಿನಲ್ಲಿ. ನನ್ನ ಗಂಡ, ಇಷ್ಟಕ್ಕೆ ಒಪ್ಪಿಸಿ ನೋಡ್ರಿ ಎಂದು ತಮ್ಮ ಕೈಲಾದಷ್ಟು ಹೇಳಿ ಕಳಿಸಿದರು. ಮರುದಿನ ಉತ್ತರ ಬಂತು. ಒಂದು ಪೈಸೆ ಬಿಡುವುದಿಲ್ಲವಂತೆ.

"ನಾನೇ ಒಂದು ಮಾತು ಕೇಳ್ಲೇನ್ರಿ ಕಾಕಾ?" ಅಂದೆ.

"ಏ ತಂಗಿ, ಹಂಗ ಮಾಡೀಗೀಡಿ ಮತ್ತ! ಅಕಿಗಿ ಮದ್ಲೇ ನಿನ್ನ ಮುಖ ನೋಡಲಿಕ್ಕ ನಾಚ್ಕಿ ಆಗ್ಯದ. ನೀ ಕೆದಕಿದ್ರ ಸಿಟ್ಟಿಗೆದ್ದು ಇದೇ ತಿಂಗಳ ಹೊರಗ ಹಾಕ್ತಾಳ. ನಾ ನಡುವ ಕುಂತೀನಿಲ್ಲ? ನನ್ನ ಮ್ಯಾಲ ಭರೋಸ ಇಲ್ಲೇನು?"

ಆ ಕೊನೆಯ ಮಾತು ಬಂದ ಮೇಲೆ ಇಲ್ಲ ಅನ್ನುವುದು ನಮ್ಮ ಕಡೆ ಬೈಗುಳಕ್ಕೆ ಸಮ. ನಾನು ತಲೆ ತಗ್ಗಿಸಿದೆ.

ಮನೆಯೊಡತಿ ಎಂದಿನ ಹಾಗೆ ಮಧ್ಯಾಹ್ನ ಕೂಗುತ್ತಿದ್ದಳು. ಹೋಗುತ್ತಿದ್ದೆ. ಆದರೆ ಅವಳು ಬೀಜ ಹುರಿಯುವಾಗ ಆ ಕೈಗಳನ್ನೇ ನೋಡುತ್ತ, ಕುಡಿಸುವ ಕೈಯೂ ಇದೇ, ಕತ್ತು ಕೊಯ್ಯುವ ಕೈಯೂ ಇದೇ ಎಂದುಕೊಳ್ಳುತ್ತಿದ್ದೆ. ಅವಳೂ ಮೊದಲಿನಂತಿರಲಿಲ್ಲ. ನನ್ನ ಹೊಟ್ಟೆ ನೋಡುವಳು, ಏನೋ ಹೇಳಲು ಹೋಗಿ ಒಲೆಯ ಕಡೆ ತಿರುಗುವಳು. ತಪ್ಪು ಮಾಡಿದವರ ಮುಖ ಹೀಗೇ ಇರುತ್ತದೆ ಎಂದು ನಾನು ತೀರ್ಮಾನಿಸಿದೆ. ಒಂದು ದಿನ ಎರಡನೆಯ ಬಟ್ಟಲಿಗೇ ಎದ್ದುಬಿಟ್ಟೆ. ಅವಳು ತಡೆಯಲಿಲ್ಲ, ನನ್ನ ಬಟ್ಟಲನ್ನು ಎತ್ತಿ ಕೈಯಲ್ಲೇ ಹಿಡಿದುಕೊಂಡು ಕುಳಿತಳು.

ಕಾಕಾ ಊರ ಆಚೆ ತುದಿಯಲ್ಲಿ ಇನ್ನೊಂದು ಮನೆ ಹುಡುಕಿಕೊಟ್ಟರು. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ, ನೀರು ಬಂದಾಗ ಬಂತು. ಬೇರೆ ದಾರಿ ಇರಲಿಲ್ಲ, ಗೋಣು ಹಾಕಿದೆವು.

ಸಾಮಾನು ಸಾಗಿಸಲು ಬಾಡಿಗೆ ಲಾರಿ ಬಂದ ಬೆಳಿಗ್ಗೆ ಮನೆಯೊಡತಿ ಮೇಲೆ ಬಂದಳು. ಕೈಯಲ್ಲಿ ಅಂಚಿಗೆ ಬಣ್ಣದ ನೂಲು ನೇಯ್ದ ಬಿಳಿ ಹತ್ತಿಯ ಬಟ್ಟೆ, ಕೂಸಿಗೆ ಸುತ್ತಲು. ಅದನ್ನು ನನ್ನ ತೋಳಿನ ಮೇಲೆ ಇಟ್ಟು ಜೋರಾಗಿ ಅತ್ತುಬಿಟ್ಟಳು. "ನಾನು ಏನು ಕಡಿಮೆ ಮಾಡಿದೆ? ಯಾಕೆ ಹೋಗುತ್ತಿದ್ದೀ?" ಎಂದಳು. ಇಷ್ಟು ಅರ್ಥವಾಗುವಷ್ಟು ಅವಳ ಭಾಷೆ ನನಗೆ ಬರುತ್ತಿತ್ತು, ಅವಳೇ ಕಲಿಸಿದ್ದು.

ನನಗೆ ರೇಗಿತು. ಎರಡು ಬೆರಳು ಎತ್ತಿ, "ಎರಡು ಪಟ್ಟು. ಡಾಲರ್. ನೀನು ಕೇಳಿದ್ದು" ಅಂದೆ.

ಅವಳು ಅಳು ನಿಲ್ಲಿಸಿ ನನ್ನ ಬೆರಳು ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತು, ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಹೇಳಿದಳು. ಅವಳು ಏನನ್ನೂ ಕೇಳಿರಲಿಲ್ಲ. ಕೂಸು ಹುಟ್ಟುವ ತನಕ ಬಾಡಿಗೆಯ ಮಾತೇ ಬೇಡ ಎಂದು ಹೇಳಿ ಕಳಿಸಿದ್ದಳು. ಕಾಕಾ ಅವಳಿಗೆ, ಇವರಿಗೆ ದೊಡ್ಡ ಮನೆ ಬೇಕಂತೆ, ಬಿಡುತ್ತಾರಂತೆ ಎಂದಿದ್ದರು. ಬಸುರಿಯ ಎದುರು ಮನೆ ಬಿಡುವ ಮಾತು ಎತ್ತುವುದು ಇವರ ಪೈಕಿ ಅಪಶಕುನ, ನೀನು ಬಾಯಿ ಬಿಡಬೇಡ ಎಂದೂ ಹೇಳಿದ್ದರು. ಯಾವುದೋ ಪರದೇಶದ ಆಫೀಸಿನ ಸಾಹೇಬನನ್ನು ಅವರೇ ಕರೆತಂದು ತೋರಿಸಿ, ಡಾಲರಿನಲ್ಲಿ ಮುಂಗಡ ಕೊಡಿಸಿದ್ದರು. ಹೇಗೂ ಹೋಗುವವರು ಎಂದು ಅವಳು ತೆಗೆದುಕೊಂಡಿದ್ದಳು. ಅದರಲ್ಲಿ ಸೋರುವ ಚಾವಣಿಗೆ ತಗಡು ಹೊದಿಸಿ ಆಗಿತ್ತು. ತಿರುಗಿ ಕೊಡಲು ಅವಳ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಅಷ್ಟು ದಿನ ಒಂದೇ ಕೆಂಡದ ಸುತ್ತ ಕುಳಿತು ಕಾಫಿ ಕುಡಿದ ಇಬ್ಬರು ಹೆಂಗಸರು, ಒಬ್ಬರನ್ನೊಬ್ಬರು ಮನಸ್ಸಿನಲ್ಲೇ ಬೈದುಕೊಂಡಿದ್ದೆವು. ನಮ್ಮಿಬ್ಬರ ಬಾಯನ್ನೂ ಹೊಲಿದಿದ್ದು ಒಂದೇ ಸೂಜಿ.

ಕೆಳಗೆ ಕಾಕಾ ಹಮಾಲರಿಗೆ ಪಾತ್ರೆ ಒಡೆಯದಂತೆ ಇಡಿ ಎಂದು ಹೇಳುತ್ತ ನಿಂತಿದ್ದರು. ಜನ್ಮದಲ್ಲಿ ಮೊದಲ ಸಲ ಹಿರಿಯರೊಬ್ಬರ ಎದುರು ದನಿ ಎತ್ತಿದೆ. ಅವರು ಗಾಬರಿಯಾಗಲಿಲ್ಲ.

"ಯಾಕವ್ವಾ ಇಷ್ಟು ಸಿಟ್ಟು? ಅಕಿಗಿ ಚಲೋ ಬಾಡಿಗಿ ಬಂತು, ನಿಮಗ ಇನ್ನೊಂದು ಮನಿ ಸಿಕ್ತು. ಯಾರಿಗಿ ಲುಕ್ಸಾನ್ ಆಗ್ಯದ ಹೇಳು? ವ್ಯವಹಾರ ಅಂದ್ರ ಹಿಂಗೇ ಇರ್ತದ."

ಸಾಹೇಬನ ಕಡೆಯಿಂದ ಅವರಿಗೆ ಬಂದ ದಲಾಲಿ ಎಷ್ಟೆಂದು ನಾನು ಕೇಳಲಿಲ್ಲ. ನನ್ನ ಗಂಡ ನನ್ನ ಭುಜ ಹಿಡಿದು ಲಾರಿಯ ಮುಂದಿನ ಸೀಟಿಗೆ ಹತ್ತಿಸಿದರು. "ಹೋಗಲಿ ಬಿಡು" ಅಂದರು. ಆ ಮಾತಿಗೂ ನನಗೆ ಅವರ ಮೇಲೆ ಸಿಟ್ಟು ಬಂತು, ಇನ್ನೂ ಪೂರ್ತಿ ಇಳಿದಿಲ್ಲ.

ದಿನ ತುಂಬುವ ಮೊದಲೇ ನೋವು ಶುರುವಾಯಿತು. ಗಂಡ ಫ್ಯಾಕ್ಟರಿಯಲ್ಲಿ. ಗೋಡೆ ಹಿಡಿದು ನಾಲ್ಕು ಮಹಡಿ ಇಳಿದೆ. ಟ್ಯಾಕ್ಸಿ ಸಿಕ್ಕಿತು, ರಸ್ತೆ ಸಿಗಲಿಲ್ಲ. ಬಸ್ಸುಗಳ ನಡುವೆ ಸಿಕ್ಕಿಹಾಕಿಕೊಂಡು, ಡ್ರೈವರನ ಸೀಟನ್ನು ಉಗುರಿನಿಂದ ಪರಚುತ್ತ, ಇದೂ ಹೋಯಿತು, ಇದೂ ಹೋಯಿತು ಎಂದು ಅರಚುತ್ತಿದ್ದೆ. ಫೋನ್ ಮಾಡಿದ್ದು ಮನೆಯೊಡತಿಗೆ. ನಾನು ತಲುಪುವ ಹೊತ್ತಿಗೆ ಅವಳು ಗಾಲಿಕುರ್ಚಿ ಹಿಡಿದು ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದಳು.

ಕೂಸು ಉಳಿಯಿತು. ಬಹಳ ಸಣ್ಣದು, ಮೊದಲು ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮನೆಯೊಡತಿ ಬಾಣಂತಿಗೆಂದು ಗಟ್ಟಿ ಅಂಬಲಿ ತಿರುವಿ, ನಡುವೆ ಗುಂಡಿ ಮಾಡಿ ತುಪ್ಪ ಖಾರ ಹಾಕಿ ತಂದು ತಿನ್ನಿಸಿದಳು.

ಕೂಸನ್ನು ನನ್ನ ಪಕ್ಕಕ್ಕೆ ಕೊಟ್ಟ ದಿನ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮನೆ ಬಿಡುವಾಗ ಅವರು ಚಿಂತೆ ಮಾಡಬಾರದು ಎಂದು ಮುಚ್ಚಿಟ್ಟಿದ್ದೆ. ಅಪ್ಪ ಕೆರಳುತ್ತಾರೆ, ಚಿತ್ತಾಪುರಕ್ಕೆ ಹೋಗಿ ಕಾಕಾನ ಮನೆಯವರ ಎದುರು ನ್ಯಾಯ ಕೇಳುತ್ತಾರೆ ಎಂದುಕೊಂಡಿದ್ದೆ. ನಮ್ಮಪ್ಪ ಕಲ್ಲಿನ ವ್ಯವಹಾರದಲ್ಲಿ ಒಂದು ಸುಳ್ಳು ಮಾತು ಸಹಿಸಿದವರಲ್ಲ.

ಅಪ್ಪನ ಹಿಂದೆ ಕಲ್ಲು ಉಜ್ಜುವ ಮಷೀನಿನ ಸದ್ದು ಕೇಳುತ್ತಿತ್ತು.

"ನಂಗ ಗೊತ್ತಿತ್ತವ್ವಾ" ಅಂದರು.

"ಏನು?"

"ಅವಾ ಮದ್ಲೇ ಫೋನ್ ಮಾಡಿದ್ದ. ಮಗಳು ನಿಂದು, ನಿನ್ನ ಕೇಳದೇ ಹ್ಯಾಂಗ ಮಾಡ್ಲಿ ಅಂದ. ಕೆಲಸ ಇಲ್ದೇ ಕುಂತ ನಿನ್ನ ತಮ್ಮಗ ಅಲ್ಲಿ ತನ್ನ ಯಾರ್ಡಿನಾಗ ಕೆಲಸ ಕೊಡ್ತೀನಿ, ಕಾಗದಪತ್ರ ಎಲ್ಲಾ ನಾನೇ ಮಾಡಸ್ತೀನಿ ಅಂದಾನ. ಒಂದು ಮನಿ ಬಿಟ್ರ ಇನ್ನೊಂದು ಮನಿ ಸಿಗ್ತದ, ಹೂಂ ಅಂದೆ. ನಿಂದು ಗಂಡನ ಮನಿ, ಹ್ಯಾಂಗೋ ನಡೀತದ. ತಮ್ಮಂದು ಜಿಂದಗಿ ನೋಡಬೇಕಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ನಮ್ಮಲ್ಲಿ ಎಲ್ಲರೂ ಅನ್ನುತ್ತಾರೆ. ಆಗ ಹೊಲ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ಆಸ್ಪತ್ರೆ ಹತ್ತಿರ ಇರಬೇಕು ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾನು ಮೊದಲು ತಿಳಿಸಿದ್ದೇ ಅಪ್ಪನಿಗೆ. ಅದು ಗೊತ್ತಿದ್ದೂ ಹೂಂ ಅಂದಿದ್ದರು. ಕಾಕಾ ನನಗೆ ಯಾರೂ ಅಲ್ಲ, ಅವರ ಮೋಸ ಒಂದು ದಿನ ಮರೆತೀತು. ಇದನ್ನು ಎಲ್ಲಿ ಇಡಲಿ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಫೋನ್ ಕಿವಿಗೆ ಹಿಡಿದೇ ಕೂಸಿನ ಕಡೆ ಹೊರಳಿದೆ. ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಅಗಲವಾದ ಹಣೆ, ಕೂಡಿದ ಹುಬ್ಬು, ಮುಂದೆ ಚಾಚಿದ ಕಿವಿ, ಎಲ್ಲವೂ ಥೇಟ್ ನಮ್ಮಪ್ಪನವೇ.

ಅಪ್ಪ ಗಂಟಲು ಸರಿಮಾಡಿಕೊಂಡು, ಏನೂ ಆಗದವರ ಹಾಗೆ ಕೇಳಿದರು. "ಅದಿರಲಿ. ಕೂಸು ಯಾರಂಗ ಅದವ್ವಾ?"

"ಯಾರಂಗೂ ಇಲ್ಲಪ್ಪಾ" ಅಂದೆ.