ಸಿನಿಮಾದಲ್ಲಿ ಕಾಣದ ಎಮ್ಮೆ

ಒಳ್ಳೆಯ ಪುಸ್ತಕವೊಂದನ್ನು ಓದಿ ಮುಗಿಸಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಯಾರಿಗಾದರೂ ‘ಇದನ್ನು ಓದಿ’ ಎಂದು ಹೇಳಲೇಬೇಕು. ಅಷ್ಟಕ್ಕೇ ನಿಲ್ಲದೆ ಅರ್ಧ ಕಥೆಯನ್ನೂ ಹೇಳಿಬಿಡಬೇಕು. ಸೇಡಂ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ನನ್ನ ಕೈಯಲ್ಲಿ ದಪ್ಪ ಪುಸ್ತಕ ಕಂಡರೆ ಸಾಕು, ಗೆಳೆಯರಿಗೆಲ್ಲ ಮನೆಯಲ್ಲಿ ತುರ್ತು ಕೆಲಸಗಳು ನೆನಪಾಗುತ್ತವೆ. ವಾಡಿಯಲ್ಲಿ ರೈಲ್ವೆ ನೌಕರಿ ಮಾಡುವ ಬಸವರಾಜನೊಬ್ಬನೇ ಓಡುವುದಿಲ್ಲ. ಅವನದು ಬೇರೆ ಉಪಾಯ.

“ದೋಸ್ತ, ಇದರದು ಪಿಚ್ಚರ್ ಬಂದದೇನು, ಅದಷ್ಟು ಹೇಳು. ನೀ ತಿಂಗಳಾನುಗಟ್ಲೆ ಓದಿದ್ದು ನಾ ಎರಡು ತಾಸಿನಾಗ ಮುಗಿಸಿ ಬರ್ತೀನಿ.”

ಬಂದಿಲ್ಲವೆಂದರೆ ನಾನು ಬಚಾವ್. ಬಂದಿದ್ದರೆ ಬಸವರಾಜನ ಗತಿ ಕಷ್ಟ. ಏಕೆಂದರೆ ಕಾದಂಬರಿಗೂ ಸಿನಿಮಾಕ್ಕೂ ನಡುವೆ ಏನೇನು ಕಳೆದುಹೋಯಿತು ಎಂಬ ಪಂಚನಾಮೆಯನ್ನು ಅವನು ಅಲ್ಲೇ ನಿಂತು ಕೇಳಬೇಕಾಗುತ್ತದೆ. ಕಾದಂಬರಿಯ ಮಾಸ್ತರರು ಗಾಳಿ ಬಂದರೆ ಹಾರಿಹೋಗುವಷ್ಟು ಬಡಕಲು. ಸಿನಿಮಾದ ಮಾಸ್ತರರ ಭುಜ ಶಾಲೆಯ ಬಾಗಿಲಲ್ಲಿ ಹಿಡಿಸುವುದಿಲ್ಲ. ಕಾದಂಬರಿಯಲ್ಲಿ ನಾಯಕಿ ಒಂದು ನಿರ್ಧಾರಕ್ಕೆ ಬರಲು ಒಂದಿಡೀ ಅಧ್ಯಾಯ ಒದ್ದಾಡುತ್ತಾಳೆ. ಸಿನಿಮಾದಲ್ಲಿ ಕಿಟಕಿಯ ಬಳಿ ನಿಲ್ಲುತ್ತಾಳೆ, ಕೂದಲು ಹಾರುತ್ತದೆ, ನಿರ್ಧಾರ ಆಗಿಯೇ ಹೋಯಿತು. ಕಥೆ ನಮ್ಮ ಕಡೆಯದಾದರಂತೂ ಕೇಳಲೇಬೇಡಿ. ಶಹಾಬಾದಿ ಕಲ್ಲು ಹೊದಿಸಿದ ಮಾಳಿಗೆಯ ಮೇಲೆ ಬೇಸಿಗೆಯಿಡೀ ಮಲಗಿ ಬೆಳೆದವರು ನಾವು. ಸಿನಿಮಾದ ನಮ್ಮೂರಿನವನು ಕೆಂಪು ಹೆಂಚಿನ ಮನೆಯಿಂದ ಹೊರಬಂದು, ತೆಂಗಿನ ಮರಗಳ ನಡುವೆ ನಡೆಯುತ್ತ, ನಮ್ಮವನೆಂದು ರುಜುವಾತು ಮಾಡಲು ಆಗಾಗ ‘ಭಾಳ’ ಎನ್ನುತ್ತಾನೆ.

ನ್ಯಾಯವಾಗಿ ಹೇಳಬೇಕೆಂದರೆ, ಎರಡು ಪುಟ ಬರೆದರೂ ಲೇಖಕನ ಕೈಗೆ ಸಿಗದ ಸಂಕಟವನ್ನು ಒಬ್ಬ ನಟಿ ಒಂದು ನಿಟ್ಟುಸಿರಿನಲ್ಲಿ ತೋರಿಸಿದ್ದನ್ನೂ ನಾನು ನೋಡಿದ್ದೇನೆ. ಆದರೆ ಇದನ್ನು ಬಸವರಾಜನ ಮುಂದೆ ಒಪ್ಪಿಕೊಳ್ಳುವುದಿಲ್ಲ.

ಇಂಥ ನನಗೆ ಓಡಿಹೋಗದ ಒಬ್ಬ ಶ್ರೋತೃ ಸಿಕ್ಕಿದ್ದು ಹೋದ ವರ್ಷ. ಅವಳು ನನ್ನ ಚಿಕ್ಕಮ್ಮ, ನೀಲಮ್ಮ ಕಾಕಿ. ನಾನಾಡುವ ಕನ್ನಡ ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚಾಗಿ ಇವಳಿಂದ ಬಂದದ್ದೇ. ಗುಂಡಗುರ್ತಿಯಲ್ಲಿ ಬದುಕು ಮಾಡಿದವಳು, ಮೊಣಕಾಲು ಹಟ ಹಿಡಿದದ್ದರಿಂದ ಮನೆಗೆ ಕೀಲಿ ಹಾಕಿ ಸೇಡಂಗೆ ಮಗನ ಮನೆಗೆ ಬಂದಳು. ಮಗನಿಗೆ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಸೊಸೆ ಸವಿತಾ ಅಕ್ಕರೆಯವಳು. ಎಲ್ಲವೂ ಸುಖವೇ, ಎಮ್ಮೆಯದೊಂದು ಬಿಟ್ಟು. ಬರುವಾಗ ಅದನ್ನು ಕುಂಚಾವರಂ ಕಡೆಯವರಿಗೆ ಮಾರಿದ್ದಳು. “ಅಲ್ಲಿ ಮಂದಿ ತೆಲುಗು ಮಾತಾಡ್ತಾರ. ಅದಕ್ಕ ತಿಳೀತದೋ ಇಲ್ಲೋ,” ಎಂದು ಒಮ್ಮೆ ಹೇಳಿ, ನಾನು ನಕ್ಕದ್ದಕ್ಕೆ ಮತ್ತೆ ಆ ಮಾತು ತೆಗೆಯಲಿಲ್ಲ.

ಕಾಕಿಗೆ ಓದು ಬರುವುದಿಲ್ಲ, ಕೇಳುವುದು ಬರುತ್ತದೆ. ಮಧ್ಯಾಹ್ನ ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತರೆ ನಾನು ಕಾದಂಬರಿ ಓದುತ್ತೇನೆ. ನಮ್ಮ ಹಿರಿಯರ ಕಟ್ಟಳೆಯಂತೆ ಕಥೆ ಕೇಳುವವರು ‘ಹೂಂ’ ಎನ್ನಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಕಾಕಿಯ ಹೂಂಗಳಲ್ಲಿ ದೊಡ್ಡ ವಿಮರ್ಶಾಶಾಸ್ತ್ರವೇ ಅಡಗಿದೆ. ಲೇಖಕ ಸೂರ್ಯಾಸ್ತ ವರ್ಣಿಸುವಾಗಿನ ಹೂಂ, ‘ಜಲ್ದಿ ಮುಳುಗಿಸು ಮಾರಾಯ’ ಎಂಬಂತಿರುತ್ತದೆ.

ಈ ಸಲ ಹಿಡಿದದ್ದು ನಾನು ಎಂದೋ ಓದಿ ಮೆಚ್ಚಿದ್ದ ಕಾದಂಬರಿ, ಒಬ್ಬ ಹೆಣ್ಣುಮಗಳ ಕಥೆ. ಅವಳಿಗೆ ಪಟ್ಟಣದಲ್ಲಿ ನೌಕರಿಯಾಗುತ್ತದೆ; ಮನೆಮಂದಿಯೆಲ್ಲ ಮನೆಗೆ ಕೀಲಿ ಹಾಕಿ, ಎಮ್ಮೆ ಮಾರಿ ಅವಳ ಹಿಂದೆ ಹೊರಡುತ್ತಾರೆ. ಎಮ್ಮೆ ಮಾರುವ ಪುಟಕ್ಕೆ ಬಂದಾಗ ಕಾಕಿಯ ಕೈ ಮೊರದಲ್ಲೇ ನಿಂತಿತ್ತು. ಕಾದಂಬರಿ ಇನ್ನೂ ಕಾಲುಭಾಗ ಉಳಿದಿರುವಾಗ ಒಂದು ಅನಾಹುತವಾಯಿತು. ಅದೇ ಕಥೆಯ ಸಿನಿಮಾವನ್ನು ಸವಿತಾ ತನ್ನ ಅತ್ತೆಗೆ ಪ್ರೀತಿಯಿಂದ ಟಿವಿಯಲ್ಲಿ ತೋರಿಸಿಬಿಟ್ಟಳು.

ನನ್ನ ಮೋರೆ ಸಣ್ಣದಾಯಿತು. “ಕೊನಿ ತಿಳದುಬಿಡ್ತಲ್ಲ ಕಾಕಿ, ಇನ್ನೇನು ಓದೋದು?”

“ಕೊನಿ ಯಾರಿಗೆ ಬೇಕಾಗ್ಯದ? ಆ ಹುಡುಗಿ ಹ್ಯಾಂಗರ ಬದಕ್ತಾಳ. ಪಿಚ್ಚರದಾಗ ಎಮ್ಮಿನೇ ಇಲ್ಲಲ್ಲೋ ತಮ್ಮಾ! ಮಾರಿದ್ದೂ ಇಲ್ಲ, ಕಟ್ಟಿದ್ದೂ ಇಲ್ಲ. ಅದು ಮುಂದ ಏನಾತು?”

ನನಗೆ ಎಲ್ಲಿಲ್ಲದ ಹುರುಪು ಬಂತು. “ಪಿಚ್ಚರದವರು ಹಾಂಗೇ ಕಾಕಿ, ನುಂಗಿಬಿಡ್ತಾರ. ಪುಸ್ತಕದಾಗ ಎಲ್ಲಾ ಇರ್ತದ. ನಾಳಿ ಓದ್ತೀನಿ ತಡಿ,” ಎಂದು ಎದೆಯುಬ್ಬಿಸಿ ಮನೆಗೆ ಬಂದೆ.

ಬಂದು ಪುಟ ತಿರುವಿದರೆ ಎಮ್ಮೆ ಇಲ್ಲ. ಹಿಂದಿನಿಂದ ಮುಂದಕ್ಕೆ ಹುಡುಕಿದೆ, ಮುಂದಿನಿಂದ ಹಿಂದಕ್ಕೆ ಹುಡುಕಿದೆ. ಮಹಾನುಭಾವ ಲೇಖಕ ಎಮ್ಮೆಯನ್ನು ಮಾರಿದವನು ಅದನ್ನು ಮರೆತೇಬಿಟ್ಟಿದ್ದ. ಇಷ್ಟು ವರ್ಷ ಈ ಪುಸ್ತಕವನ್ನು ಊರಿಗೆಲ್ಲ ಹೊಗಳಿದ ನನಗೂ ಅದು ಗೊತ್ತಾಗಿರಲಿಲ್ಲ.

ನಮ್ಮ ಕಡೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಅರ್ಥ ಹೇಳುವವರು ರಾಜನ ಹೊಲದಲ್ಲಿ ತೊಗರಿ ಬಿತ್ತಿಸಿದ್ದನ್ನೂ, ರಾಣಿಯ ತಟ್ಟೆಗೆ ಸಜ್ಜೆರೊಟ್ಟಿ ಬಡಿಸಿದ್ದನ್ನೂ ನಾನು ಕಿವಿಯಾರೆ ಕೇಳಿದ್ದೇನೆ. ‘ಮೂಲದಲ್ಲಿ ಹೀಗಿಲ್ಲ’ ಎಂದು ಯಾರೂ ಎದ್ದುಹೋದದ್ದಿಲ್ಲ. ಈ ಘನವಾದ ಪರಂಪರೆಯನ್ನು ನೆನೆದು ಧೈರ್ಯ ತಂದುಕೊಂಡೆ.

ಮರುದಿನ ಗಂಟಲು ಸರಿಪಡಿಸಿಕೊಂಡು, ಪುಟದ ಮೇಲೆ ಕಣ್ಣಿಟ್ಟು, ಅಲ್ಲಿಲ್ಲದ್ದನ್ನು ಓದಿದೆ: “ಒಂದು ಮುಂಜಾನೆ ಎಮ್ಮೆ ಹಗ್ಗ ಹರಿದುಕೊಂಡಿತು. ಹೊಳೆ ದಾಟಿ, ಅಡವಿ ದಾಟಿ, ಹಳೆಯ ಮನೆಯ ಬಾಗಿಲಿಗೇ ಬಂದು ನಿಂತಿತು.” ನನ್ನ ಕಣ್ಣುಗಳೇ ತೇವವಾದವು.

ಹೂಂ ಬರಲಿಲ್ಲ. ತಲೆ ಎತ್ತಿ ನೋಡಿದೆ.

“ಮನಿಗೆ ಕೀಲಿ ಹಾಕ್ಯಾರಲ್ಲ,” ಎಂದಳು ಕಾಕಿ. “ಅಷ್ಟು ದೂರ ನಡದು ಬಂದು ಕೀಲಿ ನೋಡ್ಕೋತ ನಿಂದ್ರಬೇಕೇನು ಆ ಬಡಪಾಯಿ?”

ಸಿನಿಮಾದವರು ಮೂಲಕ್ಕೆ ನಿಷ್ಠರಾಗಿರಬೇಕೆಂದು ಚಹಾದಂಗಡಿಯಲ್ಲಿ ಭಾಷಣ ಮಾಡುವವನು ನಾನು. ಈಗ ಕಳ್ಳನಂತೆ ಪುಟದಲ್ಲೇ ಮುಖ ಹುದುಗಿಸಿದೆ. ಕಾಕಿ ಬೇಳೆಯಲ್ಲಿ ಕಲ್ಲು ಹುಡುಕುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದಳು:

“ಬರೋಬ್ಬರಿ ನೋಡು ತಮ್ಮಾ, ಕೆಳಗ ಬ್ಯಾರೆ ಬರದಿರಬೇಕು. ಹೊಸಾ ಮನ್ಯಾಕಿ ಕೈ ಹಚ್ಚಿದರ ಮೊದಲ ಒದ್ದಿರ್ತದ. ಆಮ್ಯಾಗ ಆಕಿ ಮಾತು ಅದಕ್ಕ ತಿಳದಿರ್ತದ. ಅಲ್ಲೇ ಕರು ಹಾಕಿರ್ತದ. ಹಾಂಗೇನರ ಅದ ಏನು, ನೋಡು.”

ಕನ್ನಡಕ ಒರೆಸಿಕೊಂಡು ಪುಟ ತಿರುವಿದೆ.

“ಅದ ಕಾಕಿ,” ಎಂದೆ. “ಇಲ್ಲೇ ಅದ. ಹೆಣ್ಣುಗರು ಅಂತ ಬರದಾರ.”